ಇಮಾಟಿನಿಬ್

ದೀರ್ಘಕಾಲಿಕ ಮೈಲಾಯ್ಡ್ ರಕ್ತಕ್ಯಾನ್ಸರಿನ ಚಿಕಿತ್ಸೆಗಾಗಿ, ಜೀವಕೋಶದ ನೂರಾರು ಕೈನೇಸ್ ಕಿಣ್ವಗಳ ಪೈಕಿ ಕೆಲವನ್ನು ಮಾತ್ರ ತಡೆಯುವಂತೆ ರೂಪಿಸಲಾದ ಔಷಧ. ಎಟಿಪಿ ಎಂಬ ಶಕ್ತಿವಾಹಕ ಅಣುವಿನಿಂದ ಫಾಸ್ಫೇಟ್ ಗುಂಪನ್ನು ತೆಗೆದು ಬೇರೆ ಪ್ರೋಟೀನಿಗೆ ಜೋಡಿಸಿ, ಕೋಶದ ಬೆಳವಣಿಗೆ, ವಿಭಜನೆ ಮೊದಲಾದವನ್ನು ನಿಯಂತ್ರಿಸುವ ಕಿಣ್ವಗಳಿಗೆ ಕೈನೇಸ್‌ಗಳೆಂದು ಹೆಸರು. ಮಾನವನಲ್ಲಿ ಇವು 500ಕ್ಕೂ ಹೆಚ್ಚಿದ್ದು, ಎಟಿಪಿ ಕೂರುವ ಕುಳಿ ಎಲ್ಲದರಲ್ಲೂ ಬಹುಮಟ್ಟಿಗೆ ಒಂದೇ ಬಗೆಯದಾದ್ದರಿಂದ, ಒಂದನ್ನು ತಡೆಯುವ ಅಣು ಉಳಿದವನ್ನೂ ತಡೆದು ದೇಹಕ್ಕೆ ವಿಷವಾದೀತೆಂಬ ಅಭಿಪ್ರಾಯ 1980ರ ದಶಕದಲ್ಲಿ ಪ್ರಬಲವಾಗಿತ್ತು.

ರೋಗಮೂಲದ ಸುಳಿವು ಇದಕ್ಕೂ ಹಿಂದಿನದು. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ರೋಗಿಗಳ ರಕ್ತಕೋಶಗಳಲ್ಲಿ ಅಸಹಜವಾಗಿ ಗಿಡ್ಡಾದ ವರ್ಣತಂತುವೊಂದನ್ನು ಗುರುತಿಸಿದರು; 9 ಮತ್ತು 22ನೆಯ ವರ್ಣತಂತುಗಳ ತುಣುಕುಗಳು ಅದಲುಬದಲಾದುದರ ಫಲ ಅದೆಂದು 1973ರಲ್ಲಿ ಷಿಕಾಗೋದ ಜ್ಯಾನೆಟ್ ರೌಲಿ ತೋರಿಸಿದರು. ಹೀಗೆ ಎರಡು ಜೀನುಗಳು ಬೆಸೆದು ಬಿಸಿಆರ್-ಎಬಿಎಲ್ ಎಂಬ, ಸದಾ ಚಟುವಟಿಕೆಯಲ್ಲೇ ಇರುವ ಟೈರೋಸಿನ್ ಕೈನೇಸ್ ಹುಟ್ಟುತ್ತದೆಂಬುದೂ, ಇಲಿಗಳಲ್ಲಿ ಇಂಥದೇ ರೋಗವನ್ನು ಅದು ಉಂಟುಮಾಡಬಲ್ಲುದೆಂಬುದೂ 1990ರ ವೇಳೆಗೆ ಸ್ಥಿರಪಟ್ಟಿತು.

ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸೀಬಾ-ಗೈಗಿ ಕಂಪನಿಯಲ್ಲಿ ಅಲೆಕ್ಸ್ ಮ್ಯಾಟರ್, ನಿಕೊಲಸ್ ಲಿಡನ್, ರಸಾಯನವಿಜ್ಞಾನಿ ಯೂರ್ಗ್ ಜಿಮ್ಮರ್‌ಮನ್ ಮೊದಲಾದವರು ಕೆಲಸ ಆರಂಭಿಸಿದ್ದು ಪ್ರೋಟೀನ್ ಕೈನೇಸ್-ಸಿ ಎಂಬ ಬೇರೆಯೇ ಕಿಣ್ವವನ್ನು ತಡೆಯುತ್ತಿದ್ದ ಫೀನೈಲ್‌ಅಮಿನೊಪಿರಿಮಿಡೀನ್ ವರ್ಗದ ಅಣುವಿನಿಂದ. ಅದಕ್ಕೆ ಅಮೈಡ್ ಗುಂಪು ಸೇರಿಸಿದಾಗ ಟೈರೋಸಿನ್ ಕೈನೇಸ್‌ಗಳ ಮೇಲೂ ಪರಿಣಾಮ ಕಂಡುಬಂತು. ಒಂದು ಉಂಗುರದ ತಕ್ಕ ಸ್ಥಾನದಲ್ಲಿ ಒಂದೇ ಒಂದು ಮೀಥೈಲ್ ಗುಂಪು ಕೂಡಿದೊಡನೆ ಕೈನೇಸ್-ಸಿ ಮೇಲಿನ ಪರಿಣಾಮ ಇಲ್ಲವಾಯಿತು. ಮೀಥೈಲ್‌ಪಿಪರಜೀನ್ ಸೇರಿದ ಮೇಲೆ ಅಣು ನೀರಿನಲ್ಲಿ ಚೆನ್ನಾಗಿ ಕರಗಿ, ನುಂಗುವ ಔಷಧವಾಗಲು ಯೋಗ್ಯವಾಯಿತು. ಕಿಣ್ವದ ಆಕಾರವನ್ನು ಮೊದಲೇ ಅರಿತು ಕಡೆದ ಔಷಧವೆಂದು ಇದನ್ನು ವರ್ಣಿಸುವುದುಂಟಾದರೂ ಕಾಲಾನುಕ್ರಮ ಅದಕ್ಕೆ ಒಪ್ಪುವುದಿಲ್ಲ: ಇದರ ನಿಕಟ ರೂಪಾಂತರವೊಂದು ಎಬಿಎಲ್ ಕೈನೇಸಿಗೆ ಅಂಟಿಕೊಂಡಿರುವ ಸ್ಫಟಿಕರಚನೆಯನ್ನು ಜಾನ್ ಕುರಿಯನ್ ತಂಡ ಪ್ರಕಟಿಸಿದ್ದು 2000ದಲ್ಲಿ. ಔಷಧ ಹಿಡಿಯುವುದು ಕೈನೇಸಿನ ನಿಷ್ಕ್ರಿಯ ಭಂಗಿಯನ್ನು ಎಂಬುದೂ, ಸಕ್ರಿಯವಾಗಿರುವಾಗ ಪರಸ್ಪರ ಹೋಲುವ ಕೈನೇಸ್‌ಗಳು ಈ ಭಂಗಿಯಲ್ಲಿ ಭಿನ್ನವಾಗಿರುತ್ತವೆಂಬುದೂ ಆಗ ತಿಳಿದುಬಂದವು.

ಅಮೆರಿಕದ ಆರಿಗನ್‌ನ ವೈದ್ಯ ಬ್ರಯನ್ ಡ್ರುಕರ್ ಮುಂದಾಳತ್ವದಲ್ಲಿ 1998ರಲ್ಲಿ ಆರಂಭವಾದ ಮೊದಲ ಮಾನವ ಪ್ರಯೋಗದಲ್ಲಿ, ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ಪಡೆದ 54 ರೋಗಿಗಳ ಪೈಕಿ 53 ಮಂದಿಯ ರಕ್ತಕಣಗಳ ಎಣಿಕೆ ಸಹಜಸ್ಥಿತಿಗೆ ಬಂತು. 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಔಷಧದ ಬೀಟಾ ಸ್ಫಟಿಕರೂಪಕ್ಕೆ ಕೇಳಿದ್ದ ಪೇಟೆಂಟನ್ನು ಭಾರತದ ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ನಿರಾಕರಿಸಿತು.

ಆಯ್ದ ಕಿಣ್ವಕ್ಕೆ ಹೊಂದಿಕೊಳ್ಳುವ ಈ ಗುಣವೇ ದೌರ್ಬಲ್ಯವೂ ಆಯಿತು. ಕಿಣ್ವದ 315ನೆಯ ಸ್ಥಾನದ ಅಮೈನೊ ಆಮ್ಲ ಥ್ರಿಯೊನೀನ್ ಬದಲಾಗಿ ಐಸೊಲ್ಯೂಸಿನ್ ಆದರೆ ಸಾಕು, ಔಷಧ ಕುಳಿಯಲ್ಲಿ ಕೂರಲಾರದು. ಅನಂತರದ ಡಸಾಟಿನಿಬ್, ನಿಲೋಟಿನಿಬ್‌ಗಳೂ ಈ ಮಾರ್ಪಾಡಿನೆದುರು ನಿಷ್ಫಲವಾದವು; ಅದನ್ನು ಮೀರಿದ ಪೊನಾಟಿನಿಬ್ 2012ರಲ್ಲಿ ಬಂತಾದರೂ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯ ಅದಕ್ಕಿತ್ತು. 2021ರಲ್ಲಿ ಅನುಮತಿ ಪಡೆದ ಅಸಿಮಿನಿಬ್ ಎಟಿಪಿಯ ಕುಳಿಯನ್ನು ಬಿಟ್ಟು, ಮೈರಿಸ್ಟೇಟ್ ಎಂಬ ಕೊಬ್ಬಿನಾಮ್ಲ ಕೂರುವ ಇನ್ನೊಂದು ಕುಳಿಗೆ ಅಂಟಿ ಕಿಣ್ವವನ್ನು ತಡೆಯುತ್ತದೆ.