ನೆತ್ತರುಗೊಡಗೆಯೂ ಅಂಗಹಾನಿಯ ಪರಿಹಾರವೂ

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟವು 2001ರ ಉತ್ಖನನದಲ್ಲಿ ದೊರೆತ ಬೌದ್ಧ ಚೈತ್ಯದ ಅವಶೇಷಗಳಿಂದ ಚರಿತ್ರಕಾರರಿಗೆ ಪರಿಚಿತವಾಗಿರುವ ಗ್ರಾಮ. ಅದನ್ನೊಳಗೊಂಡಿದ್ದ ಗಂಗವಾಡಿಯು ವೀರಗಲ್ಲುಗಳಿಗೂ ಹೆಸರಾದ ನಾಡು. ಕಾಳಗದಲ್ಲಿಯೋ ತುರುಗೋಳಿನಲ್ಲಿಯೋ ಮಡಿದವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಯನ್ನು ಕನ್ನಡ ಶಾಸನಗಳು ನೆತ್ತರುಗೊಡಗೆಯೆಂದು ಕರೆಯುವುವು. ಪದವೇ ಅದರ ಸ್ವರೂಪವನ್ನು ಸೂಚಿಸುವುದು. ಕೊಡಗೆಯೆಂದರೆ ಕೊಟ್ಟದ್ದು, ಅರಸನೋ ನಾಡೊಡೆಯನೋ ಮೆಚ್ಚಿ ಕೊಟ್ಟ ದಾನ. ದಾನಕ್ಕೆ ಕೃತಜ್ಞತೆ ಸಲ್ಲುವುದೇ ಹೊರತು, ಅದು ಸಾಲದೆಂದು ವ್ಯಾಜ್ಯ ಹೂಡಲು ಬರುವುದಿಲ್ಲ.

ದುಡಿಮೆಯಲ್ಲಿ ಒದಗಿದ ಅಂಗಹಾನಿಗೆ ಪರಿಹಾರವು ಸಲ್ಲತಕ್ಕ ಬಾಕಿಯೆಂಬ ತತ್ತ್ವವನ್ನು ಭಾರತದಲ್ಲಿ ಶಾಸನಬದ್ಧಗೊಳಿಸಿದುದು 1923ರ ಕೆಲಸಗಾರರ ಪರಿಹಾರ ಕಾಯಿದೆ. ಅದು ಅಂಗಾಂಗಗಳ ನಷ್ಟಕ್ಕೆ ಶೇಕಡಾವಾರು ಪಟ್ಟಿಯೊಂದನ್ನು ಗೊತ್ತುಮಾಡಿತು. ತಕರಾರುಗಳ ವಿಚಾರಣೆಯನ್ನು ಕಮಿಷನರಿಗೆ ಒಪ್ಪಿಸಿತು. ಕಮಿಷನರ ತೀರ್ಪಿನ ಮೇಲೆ 60 ದಿನಗಳೊಳಗಾಗಿ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದಾಗಿದ್ದಿತು. ಆದರೆ ಅದರಲ್ಲಿ ಗಣನೀಯವಾದ ಕಾನೂನಿನ ಪ್ರಶ್ನೆಯಿರಬೇಕೆಂಬ ನಿರ್ಬಂಧವಿದ್ದಿತು.

ಮುಂದಿನ ವ್ಯಾಜ್ಯಗಳ ತಿರುಳು ಇಷ್ಟೇ: ಅಳೆಯಬೇಕಾದುದು ದೇಹದ ನಷ್ಟವನ್ನೋ, ದುಡಿಯುವ ಶಕ್ತಿಯ ನಷ್ಟವನ್ನೋ? ಒರಿಸ್ಸಾದ ಬಡಗಿಯೊಬ್ಬನು 1968ರಲ್ಲಿ ಚಿತ್ರಮಂದಿರವೊಂದರ ಕೆಲಸದಲ್ಲಿದ್ದಾಗ ಬಿದ್ದು, ಅವನ ಎಡಗೈಯನ್ನು ಮೊಣಕೈಯ ಮೇಲ್ಭಾಗದಲ್ಲಿ ಕತ್ತರಿಸಬೇಕಾಯಿತು. ಇದು ಆಂಶಿಕವಾದ ಅಸಾಮರ್ಥ್ಯ ಮಾತ್ರವೆಂದು ಮಾಲಿಕನು ವಾದಿಸಿದನು. ಬಡಗಿಯ ಕೆಲಸವು ಒಂದೇ ಕೈಯಿಂದ ಸಾಗದಾದಕಾರಣ ನಷ್ಟವು ಪೂರ್ಣವೆಂಬ ಕಮಿಷನರ ನಿರ್ಣಯವನ್ನು ಸುಪ್ರೀಂ ಕೋರ್ಟು 1975ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು.

ಈ ನ್ಯಾಯವು ನಮ್ಮ ನಾಡಿನ ಕೆಲಸಗಾರನೊಬ್ಬನಿಗೂ ಒದಗಿತು. ಟ್ಯಾಂಕರ್ ಚಾಲಕನೊಬ್ಬನ ಬಲಗಾಲು ಅಪಘಾತದಿಂದ ಮೊಣಕಾಲಿನವರೆಗೆ ಹೋಗಿದ್ದಿತು. ನಷ್ಟವು ನೂರಕ್ಕೆ ನೂರೆಂದು ಕಮಿಷನರು ತೀರ್ಮಾನಿಸಿದ್ದರು. ವಿಮಾ ಕಂಪೆನಿಯ ಮೇಲ್ಮನವಿಯಲ್ಲಿ ಕರ್ಣಾಟಕ ಹೈಕೋರ್ಟು ಅದನ್ನು 65ಕ್ಕೆ ಇಳಿಸಿತು. ಚಾಲಕನು ಸುಮ್ಮನಿರದೆ ಸುಪ್ರೀಂ ಕೋರ್ಟಿನ ಮೊರೆಹೊಕ್ಕನು. ಬಡಗಿಯ ತೀರ್ಪನ್ನೇ ಆಧಾರವಾಗಿಟ್ಟುಕೊಂಡು ಆ ನ್ಯಾಯಾಲಯವು 2008ರಲ್ಲಿ ಮೊದಲಿನ ಪರಿಹಾರವನ್ನು ಪುನಃ ಸ್ಥಾಪಿಸಿತು. ಕರ್ಣಾಟಕದಿಂದಲೇ ಹೋದ ಮತ್ತೊಂದು ಪ್ರಕರಣದಲ್ಲಿ, ಸಂಗತಿಗಳ ವಿಷಯದಲ್ಲಿ ಕಮಿಷನರೇ ಕೊನೆಯ ಅಧಿಕಾರಿಯೆಂದು 2016ರಲ್ಲಿ ಅದು ಸ್ಪಷ್ಟಪಡಿಸಿತು. ಮೇಲ್ಮನವಿಗೆ ಕಾಯಿದೆ ಹಾಕಿದ್ದ ನಿರ್ಬಂಧವು ಹೀಗೆ ಕೆಲಸಗಾರನಿಗೆ ರಕ್ಷೆಯಾಗಿಯೂ ಪರಿಣಮಿಸಿತು.

1923ರ ಕಾಯಿದೆಯ ವಿಷಯವು 2020ರ ಸಾಮಾಜಿಕ ಸುರಕ್ಷತಾ ಸಂಹಿತೆಯೊಳಗೆ ಸೇರಿದೆ. ಹೆಸರು ಬದಲಾದರೂ ಪ್ರಶ್ನೆಯು ಹಳೆಯದೇ. ವಿದ್ಯುತ್ ಮಗ್ಗಗಳ ಊರಾದ ದೊಡ್ಡಬಳ್ಳಾಪುರದ ಆಸುಪಾಸಿನಲ್ಲಿ ಈ ಪ್ರಶ್ನೆಗೆ ವಿಶೇಷವಾದ ಅರ್ಥವುಂಟು. ನೇಯುವವನಿಗೆ ಕೈಬೆರಳು ಬರಿಯ ಅಂಗವಲ್ಲ. ಅದೇ ಅವನ ಜೀವನೋಪಾಯ. ವೀರಗಲ್ಲು ಒಡೆಯನ ಔದಾರ್ಯವನ್ನು ಸಾರಿತು. ಮೇಲ್ಮನವಿಯ ತೀರ್ಪಾದರೋ ದುಡಿಯುವವನ ಹಕ್ಕನ್ನು ದಾಖಲಿಸುವುದು. ಕೊಡಗೆಗೂ ಪರಿಹಾರಕ್ಕೂ ಇರುವ ಅಂತರವು ಇದೇ.