ಮುತ್ತು ಕಟ್ಟಿದ ಬಾಲ್ಯ, ಕದಡಿದ ಮನಸ್ಸು

ಹುಡುಗಿಯ ತಲೆಗೂದಲು ಗಂಟುಗಟ್ಟಿ ಜಡೆಯಾದರೆ ಅದು ಯಲ್ಲಮ್ಮನ ಕರೆ ಎಂದು ತಿಳಿಯುವ ನಂಬಿಕೆ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯಲ್ಲಿ ಬಹುಕಾಲ ಗಟ್ಟಿಯಾಗಿತ್ತು. ಮಗು ರಾತ್ರಿ ಬೆಚ್ಚಿ ಬಿದ್ದರೆ, ತನ್ನಷ್ಟಕ್ಕೆ ಮಾತಾಡಿಕೊಂಡರೆ, ಕೆಲಸ ಬಿಟ್ಟು ಮಂಕಾಗಿ ಕುಳಿತರೆ, ಮೈಮೇಲೆ ಏನೋ ಬಂದಂತೆ ತೂರಾಡಿದರೆ ಅದಕ್ಕೂ ‘ಯಲ್ಲಮ್ಮನ ಕಾಟ’ ಎಂಬ ಒಂದೇ ವಿವರಣೆ ಇತ್ತು. ಪರಿಹಾರವೂ ಒಂದೇ: ಮುತ್ತು ಕಟ್ಟಿಸುವುದು. ಕೆಂಪು, ಬಿಳಿ ಮಣಿಗಳ ಸರವನ್ನು ಕೊರಳಿಗೆ ಕಟ್ಟಿ ಹುಡುಗಿಯನ್ನು ದೇವಿಗೆ ಬಿಟ್ಟರೆ ಮನೆಯ ಕಷ್ಟ ಕಳೆಯುತ್ತದೆ ಎಂದು ಹಿರಿಯ ಜೋಗತಿಯರೂ ಪೂಜಾರಿಗಳೂ ಹೇಳುತ್ತಿದ್ದರು. ಗಂಡು ಮಕ್ಕಳಿಲ್ಲದ ಮನೆಗಳಲ್ಲಿ ಮುಪ್ಪಿನ ಕಾಲಕ್ಕೆ ಆಸರೆಯಾಗಲೆಂದು ಮಗಳಿಗೆ ಮುತ್ತು ಕಟ್ಟಿಸುವುದೂ ಇತ್ತು. ಆದರೆ ಜಡೆ, ಚರ್ಮರೋಗ, ಮನಸ್ಸಿನ ಏರುಪೇರುಗಳು ಬಂದಾಗ ಬಡ ಕುಟುಂಬಕ್ಕೆ ಎದುರು ಮಾತಾಡುವ ಧೈರ್ಯವೇ ಉಳಿಯುತ್ತಿರಲಿಲ್ಲ.

ಸೌದತ್ತಿಯ ಗುಡ್ಡ ಈ ದೇವದಾಸಿ ಪದ್ಧತಿಯ ದೊಡ್ಡ ಕೇಂದ್ರವಾಗಿತ್ತು. ಅಷ್ಟು ದೂರ ಹೋಗಲಾರದವರಿಗೆ ಅಥಣಿ ತಾಲ್ಲೂಕಿನ ಕೊಕಟನೂರ ಯಲ್ಲಮ್ಮ ಹತ್ತಿರವಿದ್ದಳು. ಮುತ್ತು ಕಟ್ಟಿಸಿಕೊಂಡವರು ಬಹುತೇಕ ದಲಿತ ಸಮುದಾಯಗಳ ಹುಡುಗಿಯರು, ಅವರಲ್ಲೂ ಹೆಚ್ಚಿನವರು ಇನ್ನೂ ಮೈನೆರೆಯದವರು. ಮೈನೆರೆದ ಮೇಲೆ ಊರಿನ ಉಳ್ಳವನೊಬ್ಬ ಅವಳನ್ನು ‘ಇಟ್ಟುಕೊಳ್ಳುತ್ತಿದ್ದ’. ಅವನು ಬಿಟ್ಟರೆ ಮತ್ತೊಬ್ಬ, ಅದೂ ಇಲ್ಲದಿದ್ದರೆ ಹಡಲಿಗೆಯೆಂಬ ದೇವಿಯ ಬುಟ್ಟಿ ಹೊತ್ತು ಜೋಗ ಬೇಡುವ ಬದುಕು, ಇಲ್ಲವೆ ಮೀರಜ, ಸಾಂಗಲಿ, ಪುಣೆ, ಮುಂಬೈಗಳ ಓಣಿಗಳು. ಮಾರ್ಗಶಿರದ ರಂಡೆ ಹುಣ್ಣಿಮೆಗೆ ಬಳೆ ಒಡೆದುಕೊಂಡು, ಮಾಘದ ಭಾರತ ಹುಣ್ಣಿಮೆಗೆ ಮತ್ತೆ ತೊಡುವ ಆಚರಣೆ ಪ್ರತಿ ವರ್ಷವೂ ನಡೆಯುತ್ತಿತ್ತು. ಗಂಡನಿಲ್ಲದ ಹೆಣ್ಣಿಗೆ ವರ್ಷಕ್ಕೊಮ್ಮೆ ವೈಧವ್ಯವನ್ನು ಹೊರಿಸುವ ಈ ಆಚರಣೆಯ ಭಾರವನ್ನು ಅದನ್ನು ಭಕ್ತಿಯೆಂದು ಬಣ್ಣಿಸಿದವರು ಲೆಕ್ಕಕ್ಕೆ ಹಿಡಿದಂತಿಲ್ಲ.

ಈ ಚರಿತ್ರೆಯನ್ನು ಧರ್ಮ, ಜಾತಿ, ಲೈಂಗಿಕ ಶೋಷಣೆಗಳ ಕಡೆಯಿಂದ ಬಹಳ ಮಂದಿ ಬರೆದಿದ್ದಾರೆ. ಮನಸ್ಸಿನ ಆರೋಗ್ಯದ ಕಡೆಯಿಂದ ನೋಡಿದವರು ಕಡಿಮೆ. ಹಾಗೆ ನೋಡಿದರೆ ಈ ಪದ್ಧತಿ ಮಾಡಿದ್ದು ಎರಡು ಪಟ್ಟು ಕೇಡು. ಮನಸ್ಸು ಕದಡಿದ ಮಗುವಿಗೆ ಆರೈಕೆಯ ಬದಲು ಮುತ್ತು ಕಟ್ಟಿತು. ನೆಮ್ಮದಿಯಿಂದಿದ್ದ ಮಗುವಿಗೆ ಮುತ್ತು ಕಟ್ಟಿ ಮನಸ್ಸು ಕದಡುವ ದಾರಿ ತೆರೆಯಿತು.

ಇಲ್ಲದ ದನಿಗಳು ಕೇಳಿಸುವುದು, ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ, ಕೊಲ್ಲಲು ಹೊಂಚು ಹಾಕಿದ್ದಾರೆ ಎಂಬ ಅಲುಗದ ಭ್ರಮೆ, ಮಾತು ಮತ್ತು ವಿಚಾರದ ಎಳೆ ತಪ್ಪುವುದು: ಇವು ಕಾಣಿಸಿಕೊಳ್ಳುವ ಸ್ಥಿತಿಯನ್ನು ಮನೋವೈದ್ಯರು ಸೈಕೋಸಿಸ್ ಎನ್ನುತ್ತಾರೆ. ಸ್ಕಿಜೋಫ್ರೇನಿಯಾ ಅದರ ಒಂದು ಬಗೆ. ಹದಿಹರೆಯದ ಕೊನೆಯಿಂದ ಮೂವತ್ತರ ಆಸುಪಾಸಿನವರೆಗಿನ ವಯಸ್ಸಿನಲ್ಲಿ ಇದು ಮೊದಲ ಬಾರಿ ತೋರುವುದು ಹೆಚ್ಚು. ಇಪ್ಪತ್ತನೆಯ ಶತಮಾನದಲ್ಲಿ ವೈದ್ಯಲೋಕದ ದೊಡ್ಡ ಭಾಗ ಇದನ್ನು ರಕ್ತದಲ್ಲಿ ಬಂದ, ಮಿದುಳಿನ ರೋಗವೆಂದೇ ನೋಡಿತು. ವಂಶವಾಹಿಯ ಪಾತ್ರ ಇಂದಿಗೂ ಒಪ್ಪಿತ ಸಂಗತಿ. ಆದರೆ ಅದರ ಜೊತೆಗೆ ಬಾಲ್ಯದ ಗಾಯಗಳಿಗೂ ದೊಡ್ಡ ಪಾಲಿದೆ ಎಂಬುದು ಕಳೆದ ಕೆಲವು ದಶಕಗಳ ಸಂಶೋಧನೆಯಿಂದ ಸ್ಪಷ್ಟವಾಗಿದೆ. 2012ರಲ್ಲಿ ಫಿಲಿಪ್ಪೊ ವರೇಸೆ ಮತ್ತು ಸಂಗಡಿಗರು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ, ಹೊಡೆತ, ನಿರ್ಲಕ್ಷ್ಯ, ಹೆತ್ತವರ ಅಗಲಿಕೆಯಂಥ ಆಘಾತ ಅನುಭವಿಸಿದವರಲ್ಲಿ ಸೈಕೋಸಿಸ್ ಸಂಭವ ಉಳಿದವರಿಗಿಂತ ಸುಮಾರು 2.8 ಪಟ್ಟು ಇದ್ದದ್ದು ಕಂಡಿತು. ಗಾಯಗಳು ಹೆಚ್ಚಿದಷ್ಟೂ ಅಪಾಯವೂ ಏರುತ್ತದೆ ಎಂದು ತೋರಿಸಿದ ಅಧ್ಯಯನಗಳೂ ಇವೆ. ಇದು ಸಂಭವದ ಮಾತು, ವಿಧಿಯ ಮಾತಲ್ಲ: ಬಾಲ್ಯದಲ್ಲಿ ನೊಂದವರಲ್ಲಿ ಹೆಚ್ಚಿನವರಿಗೆ ಈ ಕಾಯಿಲೆ ಬರುವುದಿಲ್ಲ.

ಗಾಯ ಕಾಯಿಲೆಯಾಗುವ ಬಗೆಗೆ ಹಲವು ದಾರಿಗಳನ್ನು ಗುರುತಿಸಲಾಗಿದೆ. ಸದಾ ಭಯದಲ್ಲಿ ಬೆಳೆದ ಮಗುವಿನ ದೇಹದಲ್ಲಿ ಒತ್ತಡದ ವ್ಯವಸ್ಥೆ ಸುಲಭವಾಗಿ ತಣ್ಣಗಾಗುವುದಿಲ್ಲ. ಅದು ಮಿದುಳಿನ ಡೋಪಮಿನ್ ಚಟುವಟಿಕೆಯನ್ನು ಏರುಪೇರು ಮಾಡಬಲ್ಲದು. ಹತ್ತಿರದವರೇ ಕೈಬಿಟ್ಟ ಮಗು ಜಗತ್ತನ್ನೇ ಶತ್ರುವೆಂದು ನೋಡಲು ಕಲಿಯುತ್ತದೆ, ಆ ಕಲಿಕೆ ಮುಂದೆ ಸಂಶಯದ ಭ್ರಮೆಗೆ ಹದವಾದ ನೆಲ. ತಡೆಯಲಾರದ ನೋವಿನಿಂದ ಪಾರಾಗಲು ಮನಸ್ಸು ತನ್ನಿಂದ ತಾನೇ ಕಳಚಿಕೊಳ್ಳುವುದೂ ಉಂಟು. ಎಷ್ಟೋ ರೋಗಿಗಳಿಗೆ ಕೇಳಿಸುವ ದನಿ ಬಯ್ಯುವ, ಹೀಯಾಳಿಸುವ ದನಿ; ಹಿಂದೆ ಹಿಂಸಿಸಿದವನ ಮಾತಿನ ಧಾಟಿಯೇ ಕೆಲವೊಮ್ಮೆ ಅದರಲ್ಲಿರುತ್ತದೆ. ಯೂರೋಪಿನ ವಲಸಿಗರನ್ನು ಅಧ್ಯಯನ ಮಾಡಿದ ಡಚ್ ಮನೋವೈದ್ಯ ಜಾನ್-ಪಾಲ್ ಸೆಲ್ಟನ್ ಮತ್ತು ಸಂಗಡಿಗರು, ಸಮಾಜದ ಹೊರಗೆ ತಳ್ಳಿಸಿಕೊಂಡು ಸೋತ ಭಾವವೇ ಅಪಾಯ ಹೆಚ್ಚಿಸುತ್ತದೆ ಎಂದು ವಾದಿಸಿದ್ದಾರೆ. ಶಾಲೆಯಲ್ಲಿ ತಂದೆಯ ಹೆಸರು ಕೇಳಿದಾಗ ತಲೆತಗ್ಗಿಸಿ ನಿಂತ ದೇವದಾಸಿ ಮಕ್ಕಳ ಪಾಡು ಈ ವಾದಕ್ಕೆ ದೂರದ್ದೇನೂ ಅಲ್ಲ.

ಮೈಮೇಲೆ ದೇವರು ಬರುವುದೆಲ್ಲ ಕಾಯಿಲೆಯೆಂದು ಇದರ ಅರ್ಥವಲ್ಲ. ಚೌಡಿಕೆ ವಾದ್ಯದ ಸದ್ದಿಗೆ, ‘ಉಧೋ ಉಧೋ’ ಘೋಷಕ್ಕೆ ಆವೇಶಗೊಂಡು, ಸ್ವಲ್ಪ ಹೊತ್ತಿನಲ್ಲೇ ಸಮಸ್ಥಿತಿಗೆ ಬಂದು ಅಡುಗೆ, ಹೊಲಗೆಲಸ ಮಾಡುವವರು ರೋಗಿಗಳಲ್ಲ. ದಿನಗಟ್ಟಲೆ ನಿದ್ದೆ ಬಿಟ್ಟು, ಊಟ ಬಿಟ್ಟು, ಎಲ್ಲರನ್ನೂ ಸಂಶಯಿಸಿ ಮೂಲೆ ಸೇರಿದ ಹದಿನೆಂಟರ ಹುಡುಗಿಯ ಸ್ಥಿತಿ ಬೇರೆ. ಎರಡನ್ನೂ ಒಂದೇ ಹೆಸರಿನಿಂದ ಕರೆದದ್ದರಿಂದ ಎರಡನೆಯವಳಿಗೆ ಚಿಕಿತ್ಸೆ ತಪ್ಪಿತು.

ಚಿಕಿತ್ಸೆಯಾದರೂ ಎಲ್ಲಿತ್ತು? ಮುಂಬೈ ಪ್ರಾಂತ್ಯದ ಈ ದಕ್ಷಿಣ ಭಾಗಕ್ಕೆ 1845ರಲ್ಲಿ ಆರಂಭವಾದ ಧಾರವಾಡದ ಹುಚ್ಚಾಸ್ಪತ್ರೆಯೊಂದೇ ಗತಿ. ಅಲ್ಲಿನ ಇಂದಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಅದರಿಂದಲೇ ಬೆಳೆದದ್ದು. 1858ರ ಮತ್ತು 1912ರ ಮಾನಸಿಕ ರೋಗದ ಕಾಯ್ದೆಗಳು ರೋಗಿಯನ್ನು ಕೂಡಿಹಾಕುವ ಕ್ರಮಕ್ಕೆ ಕೊಟ್ಟಷ್ಟು ಗಮನವನ್ನು ಗುಣಪಡಿಸುವುದಕ್ಕೆ ಕೊಡಲಿಲ್ಲ. ಕೃಷ್ಣಾತೀರದ ಹಳ್ಳಿಯ ಬಡವರಿಗೆ ಧಾರವಾಡಕ್ಕಿಂತ ಕೊಕಟನೂರೇ ಹತ್ತಿರ.

ದೇವದಾಸಿ ಪದ್ಧತಿಯ ಮೇಲೆ ಕಾನೂನು ಕೈಯಿಟ್ಟದ್ದು ಎರಡು ದಿಕ್ಕಿನಿಂದ. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ಶಾಹು ಮಹಾರಾಜರು 1920ರಲ್ಲಿ ಜೋಗತಿಯರ, ದೇವದಾಸಿಯರ ವಿಷಯದಲ್ಲಿ ಕಾನೂನು ತಂದರು. ಬ್ರಿಟಿಷ್ ಆಡಳಿತದ ಚಿಕ್ಕೋಡಿ, ಅಥಣಿಗಳಿಗೆ 1934ರ ಮುಂಬೈ ದೇವದಾಸಿ ಸಂರಕ್ಷಣಾ ಕಾಯ್ದೆ ಅನ್ವಯಿಸಿತು. ಮುತ್ತು ಕಟ್ಟುವುದನ್ನು ಅದು ಅಪರಾಧವಾಗಿಸಿ, ದೇವದಾಸಿಯ ಮದುವೆಗೆ ಮಾನ್ಯತೆ ಕೊಟ್ಟಿತು. ಆದರೂ ಪದ್ಧತಿ ಅರ್ಧ ಶತಮಾನ ನಡೆದೇ ಇತ್ತು. ಕರ್ನಾಟಕದ 1982ರ ದೇವದಾಸಿ ಸಮರ್ಪಣ ನಿಷೇಧ ಕಾಯ್ದೆ ಹೆತ್ತವರಿಗೂ ಐದು ವರ್ಷದವರೆಗೆ ಸೆರೆವಾಸ ವಿಧಿಸಿದ ಮೇಲೆ ಬಹಿರಂಗ ಸಮರ್ಪಣೆ ಕುಗ್ಗಿ, ಕದ್ದುಮುಚ್ಚಿ ಮನೆಗಳಲ್ಲಿ ಮುತ್ತು ಕಟ್ಟುವುದು ಉಳಿಯಿತು.

ನಿಜವಾದ ಬದಲಾವಣೆ ತಂದದ್ದು ಊರಿನೊಳಗಿನ ಕೆಲಸ. ಅಥಣಿಯಲ್ಲಿ ವಕೀಲ ಬಿ. ಎಲ್. ಪಾಟೀಲರು 1985ರಲ್ಲಿ ಕಟ್ಟಿದ ವಿಮೋಚನಾ ಸಂಘ, ಮಲಾಬಾದಿನಲ್ಲಿ ದೇವದಾಸಿಯರ ಮಕ್ಕಳಿಗಾಗಿ ವಸತಿ ಶಾಲೆ ತೆರೆಯಿತು. ತಾಯಿಯ ದಾರಿ ಮಗಳಿಗೆ ಬರದಂತೆ ತಡೆಯಲು ಅದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ. ಮನಸ್ಸಿನ ದೃಷ್ಟಿಯಿಂದಲೂ ಅದೇ ಸರಿಯಾದ ಮದ್ದು. ಸುರಕ್ಷಿತ ಜಾಗ, ನಂಬಬಹುದಾದ ಹಿರಿಯರು, ಓರಗೆಯವರ ಸ್ನೇಹ ಸಿಕ್ಕ ಮಗುವಿನ ಗಾಯ ಮಾಯುವ ಸಾಧ್ಯತೆ ಹೆಚ್ಚು. ಏಳನೆಯ ವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡ ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿಯವರು, 1997ರಲ್ಲಿ ದೇವದಾಸಿ ಮಹಿಳೆಯರೇ ಸೇರಿ ಕಟ್ಟಿದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಮುನ್ನಡೆಸಿ, 2018ರಲ್ಲಿ ಪದ್ಮಶ್ರೀ ಪಡೆದರು. ಸಂಘಗಳ ಕಾರ್ಯಕರ್ತೆಯರು ಜಡೆ ಕತ್ತರಿಸಿ, ತಲೆ ತೊಳೆದು, ಏನೂ ಕೇಡಾಗದೆಂದು ಕಣ್ಣೆದುರೇ ತೋರಿಸಿದರು. ಎಣ್ಣೆ, ನೀರು, ಬಾಚಣಿಗೆ ಕಾಣದ ಕೂದಲು ಗಂಟಾಗುತ್ತದೆ ಎಂಬ ಸರಳ ಸತ್ಯ ಹೀಗೆ ಮನೆಮನೆಗೆ ಮುಟ್ಟಿತು.

1993–94 ಮತ್ತು 2007–08ರ ಸರ್ಕಾರಿ ಸಮೀಕ್ಷೆಗಳು ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರನ್ನು ಗುರುತಿಸಿದವು. ಪಿಂಚಣಿ, ಮನೆ, ಸಾಲಗಳ ಯೋಜನೆಗಳು ಬಂದವು. ಬಾಲ್ಯದ ಆಘಾತಕ್ಕೆ ಆಪ್ತಸಮಾಲೋಚನೆ ಮಾತ್ರ ಪುನರ್ವಸತಿಯ ಮುಖ್ಯ ಭಾಗವಾಗಲಿಲ್ಲ; ಇದು ಆ ಯೋಜನೆಗಳ ದೊಡ್ಡ ಕೊರತೆ. ಅತ್ತ ಮಾನಸಿಕ ಆರೋಗ್ಯ ಸೇವೆ ಬೇರೆ ದಾರಿಯಲ್ಲಿ ಹಳ್ಳಿಗೆ ಹತ್ತಿರವಾಗುತ್ತಿತ್ತು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1985ರಿಂದ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು, ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರತೊಡಗಿದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಪ್ರಜೆಯ ಹಕ್ಕೆಂದು ಸಾರಿತು.

ಸೈಕೋಸಿಸ್ ಶುರುವಾದ ಮೇಲೆ ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ. ಮನೆಯ ಹರೆಯದ ಮಗನೋ ಮಗಳೋ ನಿದ್ದೆ ಕಳೆದುಕೊಂಡು, ಒಬ್ಬರೇ ಮಾತಾಡುತ್ತ, ಎಲ್ಲರನ್ನೂ ಸಂಶಯಿಸತೊಡಗಿದರೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಗಲಿರುಳು ಕನ್ನಡದಲ್ಲೇ ಉಚಿತ ಸಲಹೆ ಸಿಗುತ್ತದೆ.