ಗೇರು ಹಾಕುವ ಕೈ

ಹದಿನೆಂಟು ತುಂಬಿದ ಮಗನಿಗೋ ಮಗಳಿಗೋ ಮೊದಲ ಕಾರು ತರುವಾಗ ಅದು ಕೈಯಿಂದ ಗೇರು ಹಾಕುವಂಥದ್ದಾಗಿರಬೇಕೋ, ತಾನೇ ಗೇರು ಬದಲಿಸಿಕೊಳ್ಳುವ ಆಟೊಮ್ಯಾಟಿಕ್ ಆಗಿರಬೇಕೋ ಎಂಬ ಮಾತು ಈಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಮನೆಗಳಲ್ಲೂ ಕೇಳಿಬರುತ್ತದೆ. ಹಿರಿಯರದು ಸಾಮಾನ್ಯವಾಗಿ ಗೇರಿನ ಪಕ್ಷ. ನಾನೂ ಅದೇ ಪಕ್ಷದವನು. ಆದರೆ ಗೇರು ಹಾಕಲು ಬಾರದವನು ಡ್ರೈವರನೇ ಅಲ್ಲ ಎಂದು ಅವರು ಕೊಡುವ ಕಾರಣ ನನಗೆ ಒಪ್ಪಿಗೆಯಿಲ್ಲ. ಅದಕ್ಕೆ ಚರಿತ್ರೆಯ ಆಧಾರವೂ ಇಲ್ಲ.

1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಗೇರು ಬದಲಾಗುತ್ತಿದ್ದುದು ಮುಖ್ಯವಾಗಿ ಕಾಲಿನ ಪೆಡಲಿನಿಂದ. ಆ ಕಾಲದ ಬಹುಪಾಲು ಬೇರೆ ಕಾರು, ಲಾರಿಗಳಲ್ಲಿ ಒಂದು ಗೇರಿಗೆ ಕ್ಲಚ್ಚನ್ನು ಎರಡು ಸಲ ತುಳಿದು, ನಡುವೆ ಇಂಜಿನ್ನಿನ ವೇಗವನ್ನು ಹಲ್ಲುಗಳ ವೇಗಕ್ಕೆ ಹೊಂದಿಸಬೇಕಿತ್ತು. ಲೆಕ್ಕ ತಪ್ಪಿದರೆ ಗೇರ್‌ಬಾಕ್ಸು ಕರಕರ ಎನ್ನುತ್ತಿತ್ತು. 1928ರಲ್ಲಿ ಕ್ಯಾಡಿಲಾಕ್ ಕಾರಿಗೆ ಸಿಂಕ್ರೊಮೆಷ್ ಬಂತು. ಹಲ್ಲುಗಳು ಕೂಡುವ ಮೊದಲೇ ಅವುಗಳ ವೇಗವನ್ನು ಸಮ ಮಾಡುವ ಉಪಾಯ ಅದು. 1939ರಲ್ಲಿ ಜನರಲ್ ಮೋಟಾರ್ಸ್ ಹೈಡ್ರಾಮ್ಯಾಟಿಕ್ ಎಂಬುದನ್ನು ತಂದು ಕ್ಲಚ್ ಪೆಡಲನ್ನೇ ತೆಗೆದುಹಾಕಿತು. ಹೀಗೆ ಒಂದು ತಲೆಮಾರಿನ ಕೈಚಳಕವನ್ನು ಮುಂದಿನ ತಲೆಮಾರಿನಲ್ಲಿ ಯಂತ್ರ ವಹಿಸಿಕೊಳ್ಳುತ್ತಲೇ ಬಂದಿದೆ. ಎರಡು ಸಲ ಕ್ಲಚ್ ತುಳಿದವನ ಕಣ್ಣಿಗೆ ನಮ್ಮ ಗೇರೂ ಮಕ್ಕಳಾಟವೇ.

ನಮ್ಮ ಕಡೆ ಈ ವಿದ್ಯೆ ಬಂದದ್ದು ಕಾರಿನಿಂದಲ್ಲ, ಲಾರಿಯಿಂದ, ಜೀಪಿನಿಂದ, ಟ್ರ್ಯಾಕ್ಟರಿನಿಂದ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಸೀಮೆಯ ಈ ಭಾಗ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಕಾಲದಲ್ಲಿ ಸ್ವಂತ ಕಾರು ಎಂಬುದು ಊರಿಗೆ ಒಂದಿದ್ದರೆ ಹೆಚ್ಚು. ಲಾರಿಯ ಕ್ಲೀನರ್ ಹುಡುಗ ವರ್ಷಗಟ್ಟಲೆ ಡ್ರೈವರನ ಪಕ್ಕ ಕೂತು, ಚಕ್ರ ತೊಳೆದು, ನೀರು ಹಾಕಿ, ಕೊನೆಗೊಂದು ದಿನ ಸ್ಟೇರಿಂಗ್ ಹಿಡಿಯುತ್ತಿದ್ದ. "ಇಂಜಿನ್ನೇ ಹೇಳತೈತಿ, ಕಿವಿಗೊಟ್ಟು ಕೇಳಲೇ ತಮ್ಮಾ" ಎಂಬುದೇ ಅವನಿಗೆ ಪಾಠ. 1957ರಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿನಲ್ಲಿ ಬಹುಕಾಲ ಗೇರು ಸ್ಟೇರಿಂಗಿನ ಪಕ್ಕದಲ್ಲೇ ಇತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದು, ಗೇರು ಎಡಗೈಯ ಕೆಳಗೆ, ಎರಡು ಸೀಟಿನ ನಡುವೆ ಇಳಿಯಿತು. 2014ರಲ್ಲಿ ಮಾರುತಿಯದೇ ಸೆಲೆರಿಯೊ, ಹಳೆಯ ರೀತಿಯ ಗೇರ್‌ಬಾಕ್ಸನ್ನೇ ಇಟ್ಟುಕೊಂಡು, ಕ್ಲಚ್ ಒತ್ತಿ ಗೇರು ಬದಲಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿತು. ಆಟೊಮ್ಯಾಟಿಕ್ ಎಂಬುದು ಸಾಧಾರಣ ಮನೆಯವರ ಲೆಕ್ಕಕ್ಕೆ ಸಿಕ್ಕಿದ್ದು ಆಮೇಲೆ.

ಸುಲಭವಾದದ್ದೆಲ್ಲ ಕೆಟ್ಟದ್ದಲ್ಲ. ಕೊಟ್ಟೂರೇಶ್ವರನ ತೇರಿನ ಸಮಯದಲ್ಲಿ ದಾವಣಗೆರೆ ಕಡೆಯಿಂದ ಪಾದಯಾತ್ರೆಯ ಜನ ರಸ್ತೆ ತುಂಬ ಬರುವಾಗ, ಅರ್ಧ ಕ್ಲಚ್ಚಿನಲ್ಲಿ ಮೈಲಿಗಟ್ಟಲೆ ತೆವಳುವುದು ಪಳಗಿದ ಕಾಲಿಗೂ ಶಿಕ್ಷೆ. ಹೊಸಬನ ಗಮನ ಕ್ಲಚ್ಚಿನ ಮೇಲಿರುವುದಕ್ಕಿಂತ ಮುಂದೆ ನಡೆಯುವ ಮುದುಕಿಯ ಮೇಲಿರುವುದೇ ಲೇಸು. ಇನ್ನೊಂದು ಸಂಗತಿಯನ್ನೂ ಮರೆಯಬಾರದು. 1984ರಲ್ಲಿ ಕೈನೆಟಿಕ್ ಹೋಂಡಾ ಬಂದ ಮೇಲೆ, ಗೇರಿಲ್ಲದ ಸ್ಕೂಟರು ನಮ್ಮ ಹೆಣ್ಣುಮಕ್ಕಳನ್ನು ಕಾಲೇಜಿಗೆ, ಕೆಲಸಕ್ಕೆ ಯಾರ ಹಂಗೂ ಇಲ್ಲದೆ ಕರೆದೊಯ್ದಿದೆ. ಅಂಥ ಉಪಕಾರಿಯನ್ನು ಸೋಮಾರಿಗಳ ಗಾಡಿ ಎಂದು ಹಳಿಯುವುದು ಸರಿಯಲ್ಲ.

ಆದರೆ ನನ್ನ ಕಾರಣ ಹುಟ್ಟುವುದೂ ಅಲ್ಲಿಯೇ. ಸ್ಕೂಟರು ಮಗಳ ಕೈಗೆ ಬಂತು. ಮನೆಯ ಉಳಿದ ಗಾಡಿಗಳು ಗಂಡಸರ ಕೈಯಲ್ಲೇ ಉಳಿದವು. ಹಡಗಲಿಯ ಮಲ್ಲಿಗೆ ಹೊರುವ ಗೂಡ್ಸ್ ಗಾಡಿ, ಹೊಲದ ಟ್ರ್ಯಾಕ್ಟರು, ಚಿಕ್ಕಪ್ಪನ ಹಳೇ ಜೀಪು, ಎರಡನೇ ಕೈಯಲ್ಲಿ ಕೊಂಡ ಮಾರುತಿ ಸಾಮಾನ್ಯವಾಗಿ ಗೇರಿನವೇ. ನಡುರಾತ್ರಿ ಹೆರಿಗೆ ನೋವು ಬಂದು, 108 ಬರುವವರೆಗೆ ಕಾಯಲಾಗದ ಹೊತ್ತಿನಲ್ಲಿ, ಅಂಗಳದಲ್ಲಿ ನಿಂತಿರುವುದು ಇವುಗಳಲ್ಲೊಂದು. ಗಂಡಸರು ಊರಲ್ಲಿಲ್ಲದಿದ್ದರೆ ಕೀಲಿ ಗೂಟದಲ್ಲಿ ತೂಗುತ್ತಿರುತ್ತದೆ, ಗಾಡಿ ಮಾತ್ರ ಹೊರಡುವುದಿಲ್ಲ. ಗೇರು ಕಲಿತ ಹುಡುಗಿ ಆ ಕೀಲಿಯನ್ನು ತೆಗೆದುಕೊಳ್ಳಬಲ್ಲಳು.

ನಮ್ಮ ಕಾನೂನು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆ ದ್ವಿಚಕ್ರಗಳಲ್ಲಿ ಗೇರಿದ್ದದ್ದು, ಇಲ್ಲದ್ದು ಎಂದು ಬೇರೆ ಮಾಡುತ್ತದೆ, ಕಾರಿನಲ್ಲಿ ಮಾಡುವುದಿಲ್ಲ. ಬ್ರಿಟನ್ನಿನಲ್ಲಿ ಆಟೊಮ್ಯಾಟಿಕ್‌ನಲ್ಲಿ ಪರೀಕ್ಷೆ ಪಾಸಾದವರು ಗೇರಿನ ಕಾರು ಓಡಿಸಬೇಕಾದರೆ ಮತ್ತೆ ಪರೀಕ್ಷೆ ಕೊಡಬೇಕು. ಇಲ್ಲಿ ಲೈಸೆನ್ಸು ಒಂದೇ. ಅಂದರೆ ಕಾಗದ ಎರಡಕ್ಕೂ ಒಪ್ಪುತ್ತದೆ, ಏರಿನಲ್ಲಿ ನಿಂತು ಹಿಂದಕ್ಕೆ ಜಾರುವ ಜೀಪು ಒಪ್ಪುವುದಿಲ್ಲ. ಕಲಿಸುವ ಹೊಣೆ ಮನೆಯದೇ.

ಆ ಹೊಣೆಗೆ ಅವಸರ ಬೇಡ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ಮಕ್ಕಳು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೋ ಗಾಡಿಯ ಮಾಲೀಕರಿಗೋ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು. ಹದಿನೆಂಟು ತುಂಬಲಿ, ಕಲಿಕೆಯ ಲೈಸೆನ್ಸು ಬರಲಿ. ಆಮೇಲೆ ಖಾಲಿ ಬಯಲಿನಲ್ಲಿ, ಬೈಯದ ಒಬ್ಬರು ಪಕ್ಕದಲ್ಲಿ ಕೂತು ಕಲಿಸಲಿ. ಕ್ಲಚ್ಚು ಬಿಡುವಾಗ ಗಾಡಿ ನಾಲ್ಕು ಸಲ ನಿಂತೀತು, ಐದನೆಯ ಸಲ ಹೊರಟೀತು.

ವಿದ್ಯುತ್ ಕಾರುಗಳಲ್ಲಿ ಸಾಮಾನ್ಯವಾಗಿ ಬದಲಿಸುವ ಗೇರೇ ಇರುವುದಿಲ್ಲ. ಹಾಗಾಗಿ ಈ ವಿದ್ಯೆಯೂ ಒಂದು ದಿನ ಎತ್ತಿನ ಗಾಡಿಯ ದಾರಿ ಹಿಡಿದೀತು. ಹಿಡಿಯಲಿ. ಅಲ್ಲಿಯವರೆಗೆ ನಮ್ಮ ಐದು ಊರುಗಳ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಮೊದಲ ಕಾರು ಗೇರಿನದಿರಲಿ. ಎರಡನೆಯದು ಅವರಿಷ್ಟ.